ಹಿಂದಿನ ಸೀಲು

“ಹಿಂದಿನ ಸೀಲು ಹೋಗಿದೆ ಸ್ವಾಮಿ. ಇನ್ನು ನೀವು ಹೊಗಳಿದರೂ ಸೋರುತ್ತೆ, ಬೈದರೂ ಸೋರುತ್ತೆ,” ಎಂದು ಕಾರಿನ ಕೆಳಗಿನಿಂದ ಚಾಚಿಕೊಂಡಿದ್ದ ಎರಡು ಕಾಲುಗಳು ಹೇಳಿದವು.

ಕಾಲುಗಳು ಮೆಕ್ಯಾನಿಕ್‌ನವು. ಅವನನ್ನು ಎಲ್ಲರೂ ಪಾತಾಳ ಎಂದೇ ಕರೆಯುತ್ತಿದ್ದರು. ಅವನ ಮುಖ ಕಂಡವರಿಗಿಂತ ಚಪ್ಪಲಿ ಕಂಡವರೇ ಜಾಸ್ತಿ. ಗಿರಾಕಿಗಳು ಅವನ ಹಿಮ್ಮಡಿಯ ಜೊತೆ ಮಾತಾಡಿ, ಹಿಮ್ಮಡಿಯ ಜೊತೆ ಜಗಳವಾಡಿ, ಕೊನೆಗೆ ಹಿಮ್ಮಡಿಗೇ ಥ್ಯಾಂಕ್ಸ್ ಹೇಳಿ ಹೋಗುವುದು ವಾಡಿಕೆ.

ಆ ಹಿಮ್ಮಡಿಗಳ ಎದುರು ಮಂಡಿಯೂರಿ, ಆಪರೇಷನ್ ಕೋಣೆಯ ಹೊರಗೆ ಕೂತವರ ಮುಖ ಮಾಡಿಕೊಂಡಿದ್ದವನು ಮುದ್ರಣ್ಣ. ಇದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ನೋಂದಣಿ ಕಚೇರಿಯಲ್ಲಿ ದುಂಡು ಸೀಲನ್ನು ಕಾಯುವ ಗುಮಾಸ್ತ ಅವನು. ಹುಟ್ಟಿದವರು ಹುಟ್ಟಿದ್ದು ಹೌದು, ಸತ್ತವರು ಸತ್ತಿದ್ದು ಹೌದು, ಮದುವೆಯಾದವರಿಗೆ ಇನ್ನು ತಪ್ಪಿಸಿಕೊಳ್ಳುವ ದಾರಿಯಿಲ್ಲ ಎಂಬುದಕ್ಕೆಲ್ಲ ಕಾಗದದ ಮೂಲೆಯಲ್ಲಿ ಅವನು ಒತ್ತುವ ಕೆಂಪು ಮುದ್ರೆಯೇ ಕೊನೆಯ ಮಾತು. ಒತ್ತುವ ಮೊದಲು ಸೀಲಿನ ಮೇಲೆ ಒಮ್ಮೆ ಬಾಯುಸಿರು ಬಿಡುತ್ತಿದ್ದ. ಒತ್ತಿದ ಮೇಲೆ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದ. ಇದನ್ನು ನೋಡಿ ನೋಡಿ ಕಚೇರಿಯವರು ಹೆಸರು ಕಟ್ಟಿದರು. ಬರಬರುತ್ತ ಹೆಂಡತಿಯೂ ಅದನ್ನೇ ಹಿಡಿದಳು.

ಕಾರು ಮಾವನದು. ಉದ್ದ ಮೂತಿಯ, ಬೆಣ್ಣೆ ಬಣ್ಣದ, ಬಾಗಿಲು ಹಾಕಿದರೆ ಬೀರು ಮುಚ್ಚಿದ ಹಾಗೆ ಸದ್ದು ಮಾಡುವ ಹಳೆಯ ಕಾಲದ ಕಾರು. ಅದಕ್ಕೆ ಕ್ಲಚ್ಚಿಲ್ಲ. ಗೇರು ಬದಲಿಸುವ ಕೆಲಸವನ್ನು ಕಾರೇ ತನಗೆ ತೋಚಿದಾಗ ಮಾಡಿಕೊಳ್ಳುತ್ತದೆ. ಗೇರುಪೆಟ್ಟಿಗೆಯ ಹೊಟ್ಟೆಯಲ್ಲಿ ದಾಳಿಂಬೆ ರಸದಂಥ ಕೆಂಪು ಎಣ್ಣೆ ಓಡಾಡುತ್ತಿರುತ್ತದೆ, ಎಲ್ಲ ಅದರದೇ ಕಾರುಬಾರು. ಮಾವ ಹಲ್ಲಿನ ಡಾಕ್ಟರು. ಜನರ ಬಾಯಿಯನ್ನು ನಂಬದವರು. ಅಳಿಯನ ಬಗ್ಗೆ ಬದುಕಿನಲ್ಲಿ ಅವರು ಆಡಿದ ಒಳ್ಳೆಯ ಮಾತು ಒಂದೇ ಒಂದು: “ಇವನು ಆತುರ ಪಡೋ ಪ್ರಾಣಿ ಅಲ್ಲ. ಈ ಕಾರಿಗೆ ಇಂಥವನೇ ಬೇಕು.” ಬೇರೆ ಯಾರೂ ಅವನ ನಿಧಾನವನ್ನು ಗುಣ ಎಂದು ಕರೆದಿರಲಿಲ್ಲ. ಮಾವ ತೀರಿಕೊಂಡಾಗ ಮುದ್ರಣ್ಣ ಅತ್ತದ್ದು ಅರ್ಧ ಮಾವನಿಗಾಗಿ, ಇನ್ನರ್ಧ ಆ ಮಾತಿಗಾಗಿ.

ಕಾರಿನ ಜೊತೆಗೆ ಮಾವನ ಇನ್ನೊಂದು ಮಾತೂ ಅವನಿಗೆ ಬಂದಿತ್ತು: “ನನ್ನ ಕಾರು ಒಂದು ಹನಿ ಸೋರಿಲ್ಲ, ಸೋರೋದೂ ಇಲ್ಲ.” ಮುದ್ರಣ್ಣ ಇದನ್ನು ಕಚೇರಿಯಲ್ಲಿ ಬೆಳಿಗ್ಗೆ ಒಮ್ಮೆ, ಟೀ ಹೊತ್ತಿನಲ್ಲಿ ಒಮ್ಮೆ ಹೇಳುತ್ತಿದ್ದ. ಬೇರೆಯವರ ಗಾಡಿಯ ಕೆಳಗೆ ಎಣ್ಣೆ ಕಂಡರೆ, ಪರರ ಮಕ್ಕಳು ಪರೀಕ್ಷೆಯಲ್ಲಿ ಬಿದ್ದಾಗ ಮರುಗುವವರಂತೆ ಮರುಗುತ್ತಿದ್ದ.

ಈಗ ಆ ಕಾರು ಸೋರತೊಡಗಿತ್ತು. ಅದು ಮರ್ಯಾದೆಯ ಪ್ರಶ್ನೆಯಷ್ಟೇ ಆಗಿದ್ದರೆ ಮುದ್ರಣ್ಣ ಒಂದು ಗೋಣಿಚೀಲ ಹಾಸಿ ಸುಮ್ಮನಾಗುತ್ತಿದ್ದ. ಆದರೆ ಹೆಂಡತಿಯ ತಮ್ಮನೊಬ್ಬನಿದ್ದ. ಭಾಮೈದನದು ಸೋಫಾ, ಮಂಚ, ಬೀರು ಮಾರುವ ದೊಡ್ಡ ಅಂಗಡಿ. ಅಪ್ಪನ ಕಾರಿನ ಚಕ್ರ ಬಿಚ್ಚಿ, ಅಂಗಡಿಯ ಮುಂದೆ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ, ಹಿಂದಿನ ಸೀಟಿನ ಜಾಗದಲ್ಲಿ ಹೊಸ ಮಾದರಿಯ ಸೋಫಾ ಕೂರಿಸಬೇಕೆಂಬುದು ಅವನ ಬಹಳ ದಿನದ ಆಸೆ. ಮಾವ ಹೋದ ಮೇಲೆ ಕಾರು ಯಾರಿಗೆ ಎಂಬ ಮಾತು ಬಂದಾಗ ಅವನು ದೊಡ್ಡ ಮನಸ್ಸು ಮಾಡಿ ಹೇಳಿದ್ದ: “ಅಪ್ಪ ಇಟ್ಟುಕೊಂಡ ಹಾಗೆ ಇಟ್ಟುಕೊಳ್ಳೋದಾದರೆ ಭಾವನ ಹತ್ತಿರವೇ ಇರಲಿ. ಆದರೆ ಒಂದು ಹನಿ ಸೋರಿದ ದಿವಸ ನಾನು ತಗೊಂಡು ಹೋಗ್ತೀನಿ. ಏನಮ್ಮ?” ಅತ್ತೆ ಆಗ ಕೆಮ್ಮಿದ್ದರು. ಅದು ಹೂಂ ಎಂಬ ಕೆಮ್ಮೆಂದು ಮಗ ತಿಳಿದ. ಮಗ ತಿಳಿದದ್ದನ್ನು ಅಳಿಯನೂ ತಿಳಿದ. ಅತ್ತೆಯ ಕೆಮ್ಮಿಗೆ ಮೇಲ್ಮನವಿ ಸಲ್ಲಿಸುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ.

ಬರುವ ಭಾನುವಾರ ಅತ್ತೆ ಬರುವವರಿದ್ದರು, ಜೊತೆಗೆ ಭಾಮೈದನೂ.

“ಸೀಲು ಹಾಕಿದರೆ ನಿಲ್ಲುತ್ತಲ್ಲ?” ಎಂದು ಮುದ್ರಣ್ಣ ಹಿಮ್ಮಡಿಗಳನ್ನು ಕೇಳಿದ.

ಪಾತಾಳ ಕೈಯೊಂದನ್ನು ಹೊರಗೆ ಚಾಚಿ, ಗೇರುಪೆಟ್ಟಿಗೆಯ ಹಿಂಬದಿಯಿಂದ ಕಿತ್ತ ಕಪ್ಪು ರಬ್ಬರಿನ ಬಳೆಯೊಂದನ್ನು ಅವನ ಅಂಗೈ ಮೇಲೆ ಹಾಕಿದ. ಹಿಂದಿನ ಚಕ್ರಗಳಿಗೆ ಹೋಗುವ ದಂಡ ತಿರುಗುವ ಬಾಯಿಯಲ್ಲಿ ಎಣ್ಣೆ ಹೊರಬರದ ಹಾಗೆ ಕೂತಿರಬೇಕಾದದ್ದು ಅದು. ಈಗ ಒಣಗಿ ಒಡೆದ ತುಟಿಯಂತಿತ್ತು. ಕಂಪನಿಯೇ ಮುಚ್ಚಿ ಯಾವ ಕಾಲವಾಯಿತೋ, ಒರಿಜಿನಲ್ ಕನಸಲ್ಲೂ ಸಿಗುವುದಿಲ್ಲ, ಇದನ್ನೇ ಮಾದರಿಗೆ ಕೊಟ್ಟು ಡೂಪ್ಲಿಕೇಟ್ ಮಾಡಿಸಬೇಕು, ಅಂಥ ಕೈಯವನೊಬ್ಬ ತನಗೆ ಗೊತ್ತು ಎಂದು ಪಾತಾಳ ಹೇಳಿದ. ನಾಳೆ ಫೋನ್ ಮಾಡಿ ಎಂದ. ಬಳೆ ಮತ್ತೆ ಪಾತಾಳಕ್ಕೆ ಹೋಯಿತು.

ಮರುದಿನ ಮುದ್ರಣ್ಣ ಫೋನ್ ಮಾಡಿದ್ದು ಕಚೇರಿಯ ಹಳೆಯ ಕಡತಗಳ ಕೋಣೆಯಿಂದ. ಕಾರು ಸೋರುವ ಸಂಗತಿ ಸಹೋದ್ಯೋಗಿಗಳ ಕಿವಿಗೆ ಬೀಳಬಾರದಲ್ಲ. ಕಪಾಟುಗಳ ಸಾಲಿನ ಕೊನೆಗೆ ಹೋಗಿ, ಗೋಡೆಗೆ ಮುಖ ಮಾಡಿ, ಬಾಯಿಗೆ ಕೈ ಅಡ್ಡವಿಟ್ಟುಕೊಂಡ. ಆದರೆ ಅತ್ತ ಪಾತಾಳ ಯಾವುದೋ ತಗಡನ್ನು ಬಡಿಯುತ್ತಲೇ ಮಾತಾಡುತ್ತಿದ್ದುದರಿಂದ ಇತ್ತ ಪಿಸುಮಾತು ಕ್ರಮೇಣ ಭಾಷಣವಾಯಿತು. ಕಪಾಟಿನ ಆಚೆ ಬದಿಯಲ್ಲಿ, ಊಟದ ನಂತರದ ನಿದ್ದೆಗೆಂದು ಕಡತಗಳ ಮೇಲೆ ಒರಗಿದ್ದ ಜವಾನ ಕಣ್ಣು ಬಿಟ್ಟ.

“ಹಿಂದಿನ ಸೀಲು. ಹಿಂದಿನ ಸೀಲು ಅಂದೆ. ಹೋಗಿದೆಯಲ್ಲ, ಅದೇ.”

ಜವಾನ ಎದ್ದು ಕೂತ.

“ಒರಿಜಿನಲ್ ಸಿಗಲ್ಲ ಅಂತ ನನಗೂ ಗೊತ್ತು. ಡೂಪ್ಲಿಕೇಟೇ ಇರಲಿ. ಹಳೇದನ್ನ ಮಾದರಿಗೆ ಕೊಟ್ಟಿದೀನಲ್ಲ, ಒಂದು ಕೂದಲೆಳೆ ವ್ಯತ್ಯಾಸ ಇರಬಾರದು.”

ಜವಾನ ಕಪಾಟಿಗೆ ಕಿವಿ ಒತ್ತಿದ.

“ಭಾನುವಾರದೊಳಗೆ ಆಗಲೇಬೇಕು. ಹೊರಗೆ ಯಾರಿಗೂ ಗೊತ್ತಾಗೋದು ಬೇಡ. ಗೊತ್ತಾಯ್ತೋ, ನನ್ನ ಕಥೆ ಮುಗೀತು.”

ಜವಾನ ಒಳ್ಳೆಯವನು. ಆದರೆ ಒಂದು ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರೆ ಅವನಿಗೆ ಅಜೀರ್ಣವಾಗುತ್ತಿತ್ತು. ನೇರವಾಗಿ ಹೆಡ್ ಗುಮಾಸ್ತರ ಮೇಜಿಗೆ ಹೋಗಿ, ಮೂರು ಸಲ ಗಂಟಲು ಸರಿಮಾಡಿಕೊಂಡು, ನಮ್ಮ ಮುದ್ರಣ್ಣ ಸೀಲು ಕಳೆದುಕೊಂಡು ನಕಲಿ ಮಾಡಿಸ್ತಿದಾನೆ ಎಂದು ಒದರಿ ಹಗುರಾದ.

ಹೆಡ್ ಗುಮಾಸ್ತರು ಪೆನ್ನಿನ ಮುಚ್ಚಳ ಹಾಕಿದರು. ಇಡೀ ವೃತ್ತಿಜೀವನದಲ್ಲಿ ಅವರು ಇಂಥದ್ದೊಂದಕ್ಕೆ ಕಾದಿದ್ದರು. ಯಾವ ಪ್ರಶ್ನೆಯನ್ನೂ ಅದಕ್ಕೆ ಸಂಬಂಧಪಟ್ಟವನಲ್ಲಿ ಕೇಳಬಾರದು ಎಂಬುದು ಅವರ ಆಡಳಿತದ ತಿರುಳು. ಕೇಳಿದರೆ ಅವನು ಉತ್ತರ ಹೇಳಿಬಿಡುತ್ತಾನೆ, ಅಲ್ಲಿಗೆ ವಿಚಾರಣೆ ಮುಗಿಯುತ್ತದೆ. ಆದ್ದರಿಂದ ಮರುದಿನ ಮುದ್ರಣ್ಣ ಟೀಗೆ ಎದ್ದು ಹೋದಾಗ, ಬಾಗಿಲಿಗೆ ಜವಾನನನ್ನು ನಿಲ್ಲಿಸಿ, ಅವನ ಮೇಜಿನ ಡ್ರಾಯರನ್ನು ತಾವೇ ಎಳೆದು ನೋಡಿದರು.

ಸೀಲು ಇತ್ತು. ಎಂದಿನಂತೆ, ಹಳದಿ ಬಟ್ಟೆಯ ಮೇಲೆ, ಬೆನ್ನು ಮೇಲಾಗಿ ಮಲಗಿತ್ತು.

“ಇದೆಯಲ್ಲ ಸಾರ್,” ಎಂದು ಜವಾನ ಉಸಿರು ಬಿಟ್ಟ.

ಹೆಡ್ ಗುಮಾಸ್ತರು ಉಸಿರು ಬಿಡಲಿಲ್ಲ. “ಇದೆ ಅನ್ನೋದೇ ಗಂಭೀರ. ಹೋಗಿದೆ ಅಂತ ಅವನೇ ಬಾಯಿಬಿಟ್ಟು ಹೇಳಿದಾನೆ. ಹೋಗಿರೋದು ಇಲ್ಲಿರೋಕೆ ಆಗಲ್ಲ. ಆದ್ದರಿಂದ ಇಲ್ಲಿರೋದು ಅದಲ್ಲ.”

“ಭಾನುವಾರದೊಳಗೆ ಅಂದಿದ್ದ ಸಾರ್. ಇವತ್ತಿನ್ನೂ ಗುರುವಾರ.”

“ಬೇಗ ಮುಗಿಸಿದಾನೆ. ಕಚೇರಿ ಕೆಲಸದಲ್ಲಿ ಎಂದಾದರೂ ಈ ಚುರುಕು ತೋರಿಸಿದ್ದನೇ?”

ಬಿಳಿ ಕಾಗದದ ಮೇಲೆ ಒಂದು ಮುದ್ರೆ ಒತ್ತಿ, ಹಳೆಯದೊಂದು ಪ್ರಮಾಣಪತ್ರದ ಪಕ್ಕದಲ್ಲಿಟ್ಟು ಭೂತಗನ್ನಡಿಯಲ್ಲಿ ನೋಡಿದರು. ಹಳೆಯದರಲ್ಲಿ ಅಂಚು ಸ್ಪಷ್ಟ, ಅಕ್ಷರ ಕಡೆದಿಟ್ಟಂತೆ. ಹೊಸದರಲ್ಲಿ ಅಂಚು ಸವೆದು, ಅಕ್ಷರಗಳು ಒಂದರ ಹೆಗಲ ಮೇಲೊಂದು ಮಲಗಿದ್ದವು. ಸೀಲು ವರ್ಷಾನುಗಟ್ಟಲೆ ಕಾಗದಕ್ಕೆ ಬಡಿದರೆ ಸವೆಯುತ್ತದೆ ಎಂಬ ಯೋಚನೆ ಅವರ ತಲೆಗೆ ಬರಲಿಲ್ಲ. ಬಂದಿದ್ದರೂ ಅದನ್ನು ಹೊರಗೆ ಕೂರಿಸುತ್ತಿದ್ದರು. ಕಳಪೆ ನಕಲು ಎಂದು ತೀರ್ಮಾನವಾಯಿತು.

ಅಲ್ಲಿಂದ ಕಚೇರಿ ನಿಂತಿತು. ನಕಲಿ ಸೀಲು ಒತ್ತಿಸುವಂತಿಲ್ಲ, ಒತ್ತಿಸುವುದಿಲ್ಲ ಎಂದು ಹೇಳುವಂತೆಯೂ ಇಲ್ಲ, ಕಳ್ಳ ಎಚ್ಚೆತ್ತುಕೊಳ್ಳುತ್ತಾನೆ. ಕಾಗದಗಳು ಮುದ್ರಣ್ಣನ ಮೇಜಿನ ಬಳಿಗೆ ಬಂದು, ಒಂದು ಸುತ್ತು ಹಾಕಿ, ವಾಪಸು ಹೋಗತೊಡಗಿದವು. ಹೊಸದಾಗಿ ಮದುವೆಯಾದ ಜೋಡಿಯೊಂದನ್ನು ಸೋಮವಾರದವರೆಗೆ ಸ್ವಲ್ಪ ದೂರ ದೂರ ಇರಿ ಎಂದು ಕಳಿಸಲಾಯಿತು. ತಾನು ಬದುಕಿದ್ದೇನೆ ಎಂಬ ಪ್ರಮಾಣಪತ್ರಕ್ಕಾಗಿ ಕೋಲೂರಿಕೊಂಡು ಬಂದಿದ್ದ ಮುದುಕರೊಬ್ಬರಿಗೆ ಜವಾನ, ಅಜ್ಜ, ನೀವು ಇನ್ನೊಂದೆರಡು ದಿವಸ ಹೀಗೇ ಇರಿ ಎಂದು ಕೈಮುಗಿದ.

ತನ್ನ ಮೇಜು ಖಾಲಿಯಾದದ್ದನ್ನು ಮುದ್ರಣ್ಣ ನೋಡಿದ. ಜವಾನ ಅವನ ಕಣ್ಣು ತಪ್ಪಿಸುತ್ತಿದ್ದುದನ್ನೂ ನೋಡಿದ. ಹಿಂದಿನ ವಾರ ಸಾಹೇಬರನ್ನೂ ಹೆಡ್ ಗುಮಾಸ್ತರನ್ನೂ ಅವನೇ ಕಾರಿನ ಮುಂದಿನ ಸೀಟಿನಲ್ಲಿ ಒತ್ತೊತ್ತಾಗಿ ಕೂರಿಸಿಕೊಂಡು ಮನೆಗೆ ಬಿಟ್ಟಿದ್ದ. ಸಾಹೇಬರ ಗೇಟಿನ ಮುಂದೆ ನಿಂತು ಕಾರಿನ ಗುಣಗಾನ ಮಾಡಿದ್ದ. ಆ ಜಾಗದಲ್ಲಿ ಕೆಂಪು ಕಲೆ ಬಿದ್ದಿರಬೇಕು. ಸಾಹೇಬರು ನೋಡಿರಬೇಕು. ಇಡೀ ಕಚೇರಿಗೆ ಗೊತ್ತಾಗಿ, ಪಾಪ, ಅವನ ದುಃಖಕ್ಕೆ ಅಡ್ಡಿ ಬಾರದಿರಲೆಂದು ಎಲ್ಲರೂ ಸೇರಿ ಕೆಲಸ ಕಡಿಮೆ ಮಾಡಿದ್ದಾರೆ. ಅವನ ಕಣ್ಣು ಒದ್ದೆಯಾಯಿತು. ಜನ ಇಷ್ಟು ಒಳ್ಳೆಯವರೆಂದು ಅವನಿಗೆ ತಿಳಿದಿರಲಿಲ್ಲ.

ಶುಕ್ರವಾರ ಸಾಹೇಬರು ಕರೆಸಿದರು. ಪಕ್ಕದಲ್ಲಿ ಹೆಡ್ ಗುಮಾಸ್ತರು ಕೈಕಟ್ಟಿ ನಿಂತಿದ್ದರು. ಫ್ಯಾನು ಆಫಾಗಿತ್ತು, ಗಂಭೀರ ಸಂದರ್ಭಗಳಲ್ಲಿ ಸಾಹೇಬರು ಗಾಳಿ ಹಾಕಿಕೊಳ್ಳುತ್ತಿರಲಿಲ್ಲ.

“ಕೂತ್ಕೊಳ್ಳಿ. ಎಲ್ಲಾ ನಮಗೆ ಗೊತ್ತಾಗಿದೆ. ಆದರೂ ನಿಮ್ಮ ಬಾಯಿಂದಲೇ ಕೇಳೋಣ ಅಂತ,” ಎಂದರು ಸಾಹೇಬರು.

“ಮುಚ್ಚಿಟ್ಟು ಪ್ರಯೋಜನ ಇಲ್ಲ ಸಾರ್. ಸೋರಿಕೆ ಆಗ್ತಾ ಇದೆ.”

ಸಾಹೇಬರು ಹೆಡ್ ಗುಮಾಸ್ತರನ್ನು ನೋಡಿದರು. ಅವರು ಬಂದದ್ದು ನಕಲಿ ಸೀಲಿನ ಜಾಡು ಹಿಡಿದು. ಇದರಲ್ಲಿ ಸೋರಿಕೆಯೂ ಇದೆಯೆಂದರೆ ಹುತ್ತಕ್ಕೆ ಕೈ ಹಾಕಿದಂತಾಯಿತು.

“ಎಲ್ಲಿಂದ?”

“ಹಿಂದಿನಿಂದ ಸಾರ್.”

“ಹಿಂದಿನಿಂದ ಅಂದರೆ?”

ಮುದ್ರಣ್ಣ ಕಾರಿನ ಸೀಟನ್ನು ನೆನೆಸಿಕೊಂಡು, ಕೈಯಲ್ಲಿ ಅಳತೆ ಮಾಡಿ, ಆದಷ್ಟು ನಿಖರವಾಗಿ ಹೇಳಿದ: “ನೀವು ಕೂತಿದ್ದಿರಲ್ಲ ಸಾರ್, ಅದಕ್ಕಿಂತ ಸ್ವಲ್ಪ ಹಿಂದಿನಿಂದ.”

ಸಾಹೇಬರು ತಾವು ಈಗ ಕೂತಿದ್ದ ಕುರ್ಚಿಯ ಕೈಗಳನ್ನು ಸವರಿದರು. ಮುಖದಲ್ಲಿ ಒಂದು ಬಗೆಯ ನೆಮ್ಮದಿ ಹಾದುಹೋಯಿತು. ತಾವು ಈ ಕುರ್ಚಿಗೆ ಬರುವ ಮೊದಲಿನದು ಎಂದಾದರೆ ಅದು ಬೇರೆಯವರ ತಲೆನೋವು.

“ನಕಲಿ ಮಾಡಿಕೊಡೋನು ಯಾರು?”

“ಪಾತಾಳ ಅಂತಾರೆ ಸಾರ್. ತುಂಬಾ ಕೆಳಗಿನಿಂದ ಕೆಲಸ ಮಾಡ್ತಾನೆ. ಮುಖ ಯಾರಿಗೂ ತೋರಿಸಲ್ಲ.”

ಹೆಡ್ ಗುಮಾಸ್ತರು ಕಟ್ಟಿದ ಕೈಯನ್ನು ಬಿಚ್ಚಿ ಕುರ್ಚಿಯ ಬೆನ್ನು ಹಿಡಿದುಕೊಂಡರು.

“ಭಾನುವಾರ ಏನು ನಡೆಯುತ್ತೆ?” ಎಂದು ಸಾಹೇಬರು ದನಿ ತಗ್ಗಿಸಿ ಕೇಳಿದರು.

“ಅತ್ತೆ ಬರ್ತಾರೆ ಸಾರ್, ಪರೀಕ್ಷೆ ಮಾಡೋಕೆ. ಹೊಸ ಸೀಲು ಸರಿಯಾಗಿ ಕೂತರೆ ನಾನು ಬಚಾವ್. ಇಲ್ಲದಿದ್ದರೆ ಭಾಮೈದ ಎಲ್ಲಾ ತಗೊಂಡು ಹೋಗ್ತಾನೆ. ಅವನ ಅಂಗಡೀಲಿ ಗಾಜಿನ ಪೆಟ್ಟಿಗೆಯೊಳಗೆ ಇಡ್ತಾನಂತೆ.”

“ಅಂಗಡಿಯಲ್ಲಿ. ಬಹಿರಂಗವಾಗಿ,” ಎಂದರು ಹೆಡ್ ಗುಮಾಸ್ತರು. ಅತ್ತೆಯೇ ಮುಖ್ಯಸ್ಥೆಯಾಗಿರುವ ಕೂಟವೊಂದರ ಬಗ್ಗೆ ಅವರು ಈವರೆಗೆ ಯಾವ ಸುತ್ತೋಲೆಯಲ್ಲೂ ಓದಿರಲಿಲ್ಲ.

ಸಾಹೇಬರು ಎದ್ದು ನಿಂತರು. “ಭಾನುವಾರ ನಾವೂ ನಿಮ್ಮ ಮನೆಗೆ ಬರ್ತೀವಿ.”

ಮುದ್ರಣ್ಣ, “ನೀವೆಲ್ಲ ನಿಂತರೆ ನನಗೆ ಎಷ್ಟೋ ಧೈರ್ಯ ಸಾರ್,” ಎಂದು ಹೇಳಿ ಕಣ್ಣೊರೆಸಿಕೊಂಡು ಹೊರಟ. ಅವನು ಹೋದ ಬಾಗಿಲನ್ನೇ ನೋಡುತ್ತ ಹೆಡ್ ಗುಮಾಸ್ತರು, ಇಷ್ಟು ಪಳಗಿದ ಕೈಯನ್ನು ತಾವು ಕಂಡಿಲ್ಲ ಎಂದರು.

ಶನಿವಾರ ಹೊಸ ಸೀಲು ಬಂತು. ಪಾತಾಳ ಅದನ್ನು ಕೂರಿಸಿ, ದಂಡ ಜೋಡಿಸಿ, ಚೆಲ್ಲಿಹೋದಷ್ಟು ಎಣ್ಣೆಯನ್ನು ಅಳತೆಕಡ್ಡಿ ನೋಡಿಕೊಂಡು ತುಂಬಿ ಎಂದು ಹೇಳಿ, ಹಳೆಯ ಬಳೆಯನ್ನು ನೆನಪಿಗೆ ಇಟ್ಟುಕೊಳ್ಳಿ ಎಂದು ಕೊಟ್ಟು ಹೋದ. ಮುದ್ರಣ್ಣ ಅದನ್ನು ಮಾವನ ಹಲ್ಲುಪುಡಿಯ ಡಬ್ಬಿಯಲ್ಲಿ ಹಾಕಿಟ್ಟ. ಆಮೇಲೆ ತಣ್ಣಗಿದ್ದ ಎಂಜಿನ್ನನ್ನು ಚಾಲು ಮಾಡಿ, ತಕ್ಷಣವೇ ಕಡ್ಡಿ ಎಳೆದು ನೋಡಿದ. ಕಡಿಮೆ ಇತ್ತು. ಹಾಕಿದ. ಮತ್ತೆ ನೋಡಿದ, ಇನ್ನೂ ಕಡಿಮೆ ಅನ್ನಿಸಿತು. ಮತ್ತೆ ಹಾಕಿದ. ಇದು ಅವನಿಗೆ ಹೊಸದಲ್ಲ. ಬೇಸಿಗೆಯಿಂದ ದಿನಾ ಬೆಳಿಗ್ಗೆ ಮುಖ ತೊಳೆಯುವ ಮೊದಲು ಮಾಡುತ್ತಿದ್ದ ಸೇವೆ. ಮಾವನ ಕಾರು ಬಾಯಾರಬಾರದು.

ಗಲ್ಲಿಯ ತುದಿಯವರೆಗೆ ಹೋಗಿ, ಪೇಟೆಯನ್ನೊಂದು ಸುತ್ತಿ ಬಂದು ನಿಲ್ಲಿಸಿ, ನೆಲಕ್ಕೆ ಕೆನ್ನೆಯಿಟ್ಟು ನೋಡಿದ. ಹಿಂದೆ ಒಣಗಿತ್ತು. ಮುಂದೆ ಕೆಂಪಗೆ ಇಳಿಯುತ್ತಿತ್ತು.

ಎದುರುಮನೆಯ ನಿವೃತ್ತ ನರ್ಸಮ್ಮ, ನೆಲದ ಮೇಲೆ ಬಿದ್ದಿದ್ದ ಮುದ್ರಣ್ಣನನ್ನೂ ಅವನ ತಲೆಯ ಬಳಿಯ ಕೆಂಪು ಮಡುವನ್ನೂ ಕಿಟಕಿಯಿಂದ ನೋಡಿ, ಹತ್ತಿ ಬ್ಯಾಂಡೇಜು ಹಿಡಿದು ಓಡಿಬಂದರು. ಗಂಡಹೆಂಡತಿಯ ನಡುವೆ ಏನೇ ಇರಲಿ, ತಲೆಗೆ ಹೊಡೆಯಬಾರದು ಎಂದು ಅವನ ಹೆಂಡತಿಗೆ ಬುದ್ಧಿ ಹೇಳಿದರು. ಹೆಂಡತಿ ಒಂದು ಬಟ್ಟೆ ತಂದು ಕೊಟ್ಟಳು, ಗಂಡನ ತಲೆಗಲ್ಲ, ನೆಲಕ್ಕೆ.

“ತಮ್ಮನಿಗೆ ನಾನು ಹೇಳಿ ನೋಡ್ಲಾ?” ಎಂದು ಆಮೇಲೆ ಕೇಳಿದಳು.

“ಬೇಡ. ಮಾತು ಅಂದರೆ ಮಾತು,” ಎಂದ ಮುದ್ರಣ್ಣ. ಆದರೆ ಭಾನುವಾರ ಬೆಳಿಗ್ಗೆ ಎದ್ದವನೇ, ಕಾರು ತಣ್ಣಗಿರುವಾಗಲೇ ಕಡ್ಡಿ ನೋಡಿ, ಇನ್ನಷ್ಟು ಎಣ್ಣೆ ಹಾಕಿದ.

ಅತ್ತೆಯನ್ನು ಅವನೇ ರೈಲು ನಿಲ್ದಾಣದಿಂದ ಕಾರಿನಲ್ಲಿ ಕರೆತಂದ. ಅವರ ಕೈಯಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿ ದಾರ ಕಟ್ಟಿದ ಚಪ್ಪಟೆ ಪೊಟ್ಟಣವೊಂದಿತ್ತು. ಯಾರಿಗೂ ಹಿಡಿಯಲು ಕೊಡಲಿಲ್ಲ. ಅಪ್ಪನ ಫೋಟೋಗೆ ಕಟ್ಟು ಹಾಕಿಸಿ ತಂದಿರಬೇಕೆಂದು ಮಗಳು ತಿಳಿದು, ಗೋಡೆಯಲ್ಲಿ ಮೊಳೆ ಹುಡುಕಿದಳು. ಭಾಮೈದ ಆಗಲೇ ಬಂದು ಕಾದಿದ್ದ, ಅಂಗಡಿಯ ಟೆಂಪೋದಲ್ಲಿ, ಎಳೆಯಲು ಹಗ್ಗ ಸಮೇತ. ಅಂಗಳದಲ್ಲಿ ಹೊಚ್ಚ ಹೊಸ ಬಿಳಿ ಬೆಡ್‌ಶೀಟ್ ಹಾಸಿ, ಅದರ ಮೇಲೆ ನಿಲ್ಲಿಸಿ ಭಾವ ಎಂದ. ಬಿಸಿಯೇರಿ ಉಸ್ಸೆನ್ನುತ್ತಿದ್ದ ಕಾರು ಬೆಡ್‌ಶೀಟಿನ ಮೇಲೆ ನಿಂತಿತು. ಅತ್ತೆಗೆ ಕುರ್ಚಿ ಬಂತು. ಪೊಟ್ಟಣ ತೊಡೆಯ ಮೇಲೆ ಕೂತಿತು.

ಆ ಹೊತ್ತಿಗೆ ಸರಿಯಾಗಿ ಸಾಹೇಬರು, ಹೆಡ್ ಗುಮಾಸ್ತರು, ಸಾಕ್ಷಿಗೆಂದು ಜವಾನ, ಮೂವರೂ ಗೇಟು ತೆರೆದು ಬಂದರು. ಎದುರುಮನೆಯ ನರ್ಸಮ್ಮ ತಮ್ಮ ಕುರ್ಚಿಯನ್ನು ಗೇಟಿನ ಹತ್ತಿರಕ್ಕೆ ಎಳೆದುಕೊಂಡರು.

“ಬಂದಿರಾ ಸಾರ್,” ಎಂದು ಮುದ್ರಣ್ಣ ಎದುರು ಹೋದ. ಸಾಹೇಬರು ಅವನ ಕೈ ಹಿಡಿಯಲಿಲ್ಲ. ಎಲ್ಲರ ಮುಂದೆ, ಒಂದೊಂದೇ ಅಕ್ಷರಕ್ಕೆ ತೂಕ ಕೊಟ್ಟು ಕೇಳಿದರು:

“ಹಿಂದಿನ ಸೀಲು ಎಲ್ಲಿ?”

ಮುದ್ರಣ್ಣ ಬೆಚ್ಚಿ ಅತ್ತೆಯ ಕಡೆ ನೋಡಿದ. ಅವರ ಎದುರಿಗೇ ಕೇಳಬೇಕೇ? “ಆಮೇಲೆ ಹೇಳ್ತೀನಿ ಸಾರ್,” ಎಂದ.

“ಆಮೇಲೆ ಅಲ್ಲ, ಈಗ. ಕಚೇರಿಯ ದುಂಡು ಸೀಲು. ಒರಿಜಿನಲ್. ಯಾರಿಗೆ ಮಾರಿದಿರಿ? ಡ್ರಾಯರಿನಲ್ಲಿ ನಕಲಿ ಇಟ್ಟು ಎಷ್ಟು ಜನಕ್ಕೆ ಒತ್ತಿದಿರಿ? ಸರಿಯಾದ ಉತ್ತರ ಬರದಿದ್ದರೆ ನಾಳೆಯಿಂದ ನೀವು ಕಚೇರಿಗೆ ಬರಬೇಕಾಗಿಲ್ಲ. ಬೇರೆ ಕಡೆ ಕರೆಸ್ತಾರೆ.”

ಆಗ ಮುದ್ರಣ್ಣನಿಗೆ ಅರ್ಥವಾಯಿತು. ಕಪಾಟು, ಫೋನು, ಖಾಲಿ ಮೇಜು, ಶುಕ್ರವಾ‌ರದ ಪ್ರಶ್ನೆಗಳು, ಎಲ್ಲ ಒಂದರ ಹಿಂದೊಂದು ಬಂದು ಸಾಲಾಗಿ ನಿಂತವು. ಅವನು ನಿಧಾನದ ಪ್ರಾಣಿ, ಆದರೆ ತಲುಪಿದ ಮೇಲೆ ಪೂರ್ತಿ ತಲುಪುತ್ತಿದ್ದ. ಒಂದೇ ಒಂದು ವಾಕ್ಯ ಹೇಳಿದರೆ ಅವನು ಪಾರು. ಅದೇ ವಾಕ್ಯ ಹೇಳಿದರೆ ಕಾರು ಹೋಯಿತು. ಬೆಡ್‌ಶೀಟಿನ ಕಡೆ ಯಾರೂ ನೋಡುತ್ತಿರಲಿಲ್ಲ. ಹೇಳದೆ ಉಳಿದರೆ ಮಾವನ ಮಾತು ಉಳಿಯುತ್ತದೆ, ಮಾವನ ಅಳಿಯ ಕಳ್ಳನಾಗುತ್ತಾನೆ.

“ಏನು ಭಾವ, ಸೀಲು ಕದ್ದಿರಾ?” ಎಂದ ಭಾಮೈದ. ಅವನ ದನಿಯಲ್ಲಿ ಮೊದಲ ಸಲ ಸ್ವಲ್ಪ ಗೌರವವಿತ್ತು.

“ಹೇಳಿಬಿಡಿ,” ಎಂದಳು ಹೆಂಡತಿ, ಬಾಗಿಲಿನಿಂದ.

ಮುದ್ರಣ್ಣ ಒಳಗೆ ಹೋದ. ಜವಾನ ಹಿಂಬಾಗಿಲಿಗೆ ಓಡಿದ, ತಪ್ಪಿಸಿಕೊಂಡಾನೆಂದು. ಆದರೆ ಅವನು ಹಲ್ಲುಪುಡಿಯ ಡಬ್ಬಿ ಹಿಡಿದು ಮುಂಬಾಗಿಲಿನಿಂದಲೇ ಬಂದು, ಸಾಹೇಬರ ಅಂಗೈ ಮೇಲೆ ಕಪ್ಪು ಬಳೆಯನ್ನು ಇಟ್ಟ. ಹೆಡ್ ಗುಮಾಸ್ತರು ಅದನ್ನು ಎತ್ತಿ ಬಿಸಿಲಿಗೆ ಹಿಡಿದು, ತಿರುಗಿಸಿ ನೋಡಿ, “ಅಕ್ಷರಗಳನ್ನೆಲ್ಲ ಕೆರೆದು ಹಾಕಿದಾನೆ. ಸಾಕ್ಷ್ಯನಾಶ,” ಎಂದರು.

“ಅದು ಕಾರಿನ ಸೀಲು ಸಾರ್,” ಎಂದ ಮುದ್ರಣ್ಣ. ಆಮೇಲೆ ಸಾಹೇಬರನ್ನು ಬಿಟ್ಟು ಅತ್ತೆಯ ಕಡೆ ತಿರುಗಿದ. “ಕಾರು ಸೋರ್ತಾ ಇದೆ ಅತ್ತೆ. ಬೇಸಿಗೆಯಿಂದ. ಸೀಲು ಬದಲಾಯಿಸಿದೆ, ಆದರೂ ಸೋರ್ತಾ ಇದೆ. ಮಾವ ಇಟ್ಟುಕೊಂಡ ಹಾಗೆ ಇಟ್ಟುಕೊಳ್ಳೋಕೆ ನನ್ನ ಕೈಲಿ ಆಗಲಿಲ್ಲ.”

ಎಲ್ಲರೂ ಬಗ್ಗಿ ನೋಡಿದರು. ಬೆಡ್‌ಶೀಟಿನ ಮೇಲೆ, ಕಾರಿನ ಮುಂಭಾಗದ ಕೆಳಗೆ, ಕೆಂಪು ಮಚ್ಚೆಗಳು ಒಂದಕ್ಕೊಂದು ಕೈಹಿಡಿದು ಹರಡುತ್ತಿದ್ದವು. ಸಾಹೇಬರು ಬಳೆಯನ್ನು ನೋಡಿದರು, ಕಾರನ್ನು ನೋಡಿದರು, ಕೊನೆಗೆ ಹೆಡ್ ಗುಮಾಸ್ತರನ್ನು ಬಹಳ ಹೊತ್ತು ನೋಡಿದರು. ಹೆಡ್ ಗುಮಾಸ್ತರು ಜವಾನನನ್ನು ನೋಡಿದರು. ಜವಾನ ನೋಡಲು ತನಗಿಂತ ಕೆಳಗಿನವರು ಯಾರೂ ಸಿಗದೆ ನೆಲ ನೋಡಿದ. ಹಾಗಾದರೆ ಡ್ರಾಯರಿನಲ್ಲಿರುವುದು ಎಂದು ಸಾಹೇಬರು ಶುರುಮಾಡಿದರು. ಅದು ಅದೇ ಸಾರ್, ಸವೆದಿದೆ, ಹೊಸದು ಕೊಡಿ ಅಂತ ನಾನು ಕೇಳ್ತಾನೇ ಇದ್ದೀನಲ್ಲ ಎಂದ ಮುದ್ರಣ್ಣ. ಇದನ್ನು ಬರವಣಿಗೆಯಲ್ಲಿ ಕೊಡಿ ಎಂದರು ಹೆಡ್ ಗುಮಾಸ್ತರು, ಅಭ್ಯಾಸಬಲದಿಂದ.

ಭಾಮೈದ ಟೆಂಪೋದಿಂದ ಹಗ್ಗ ತಂದ.

ಅತ್ತೆ ಕೆಮ್ಮಿದರು.

ಹಗ್ಗ ನಿಂತಿತು. “ದಿನಾ ಕಡ್ಡಿ ಯಾವಾಗ ನೋಡ್ತೀಯಪ್ಪ?” ಎಂದು ಅವರು ಅಳಿಯನನ್ನು ಕೇಳಿದರು.

“ಬೆಳಿಗ್ಗೆ ಎದ್ದ ತಕ್ಷಣ ಅತ್ತೆ. ಎಂಜಿನ್ ಶುರು ಮಾಡಿ.”

“ತಣ್ಣಗಿರುವಾಗ?”

“ತಣ್ಣಗಿರುವಾಗ.”

“ತಣ್ಣಗಿದ್ದಾಗ ಅದು ಕಡಿಮೆಯೇ ತೋರಿಸೋದು. ನೀನು ಸುರಿಯೋದು. ಬಿಸಿಯಾದ ಮೇಲೆ ಎಣ್ಣೆ ಉಬ್ಬುತ್ತೆ, ಒಳಗೆ ಜಾಗ ಸಾಲಲ್ಲ, ಮೇಲಿಂದ ಉಕ್ಕುತ್ತೆ. ಒಲೆ ಮೇಲೆ ಹಾಲು ಇಟ್ಟು ಗೊತ್ತಿಲ್ಲವಾ ನಿನಗೆ? ನಿಮ್ಮ ಮಾವ ಒಂದು ಸುತ್ತು ಹೋಗಿ ಬಂದು, ಎಂಜಿನ್ ಓಡ್ತಾ ಇರುವಾಗಲೇ ನೋಡೋರು. ಕಡ್ಡಿ ಒರೆಸೋಕೆ ಬಟ್ಟೆ ಹಿಡ್ಕೊಂಡು ಪಕ್ಕದಲ್ಲಿ ನಿಂತಿರ್ತಿದ್ದೋಳು ನಾನು.”

ಎಂಜಿನ್ ಚಾಲು ಮಾಡಿ ಕಡ್ಡಿ ಎಳೆದರು. ಎಣ್ಣೆ ಗುರುತನ್ನು ದಾಟಿ, ಕಡ್ಡಿಯ ಕುತ್ತಿಗೆಯವರೆಗೆ ಏರಿತ್ತು. ನರ್ಸಮ್ಮ ತಮ್ಮ ಮನೆಯಿಂದ ಉದ್ದನೆಯ ರಬ್ಬರು ನಳಿಗೆಯನ್ನೂ ದೊಡ್ಡ ಪಿಚಕಾರಿಯನ್ನೂ ತಂದರು. ಕೊನೆಗೂ ರೋಗಿಯೊಬ್ಬ ಸಿಕ್ಕ ಸಮಾಧಾನ ಅವರಿಗೆ. ಮುದ್ರಣ್ಣ ಎಳೆದ, ಜವಾನ ಬಾಟಲಿ ಹಿಡಿದ, ಸಾಹೇಬರು ಸಾಕು ಎಂದರು, ಅತ್ತೆ ಇನ್ನಷ್ಟು ಎಂದರು. ಬೇಸಿಗೆಯಿಂದ ಸುರಿದ ಪ್ರೀತಿಯೆಲ್ಲ ಬಾಟಲಿಗಳಲ್ಲಿ ಹೊರಗೆ ಬಂತು. ಹಿಂದಿನ ಸೀಲು ನಿಜವಾಗಿ ಹೋಗಿತ್ತೋ ಇಲ್ಲವೋ, ಅದು ಪಾತಾಳನಿಗೂ ಆ ಕಾರಿಗೂ ಬಿಟ್ಟ ವಿಷಯ.

ಎಂಜಿನ್ ಆರಿಸಿ, ಬೆಡ್‌ಶೀಟಿನ ಶುಭ್ರವಾದ ಭಾಗವನ್ನು ಎಳೆದು ಹಾಸಿ, ಎಲ್ಲರೂ ಕಾದರು. ಮುಂದಿನ ಉಕ್ಕು ನಿಂತಿತ್ತು. ಹಿಂದೆಯೂ ಒಣಗಿತ್ತು. ಮುದ್ರಣ್ಣ ಉಸಿರೆಳೆದುಕೊಳ್ಳುವಷ್ಟರಲ್ಲಿ ಭಾಮೈದ ನೆಲಕ್ಕೆ ಮಂಡಿಯೂರಿ, “ಅಮ್ಮ, ನಟ್ಟನಡುವೆ ನೋಡು. ಒಂದು ಹನಿ,” ಎಂದ. ಹಗ್ಗ ಇನ್ನೂ ಅವನ ಹೆಗಲ ಮೇಲಿತ್ತು.

“ಅದು ನಿಮ್ಮಪ್ಪನದು,” ಎಂದರು ಅತ್ತೆ.

ಅವರು ತೊಡೆಯ ಮೇಲಿನ ಪೊಟ್ಟಣದ ದಾರ ಬಿಚ್ಚಿದರು. ಒಳಗೆ ಫೋಟೋ ಇರಲಿಲ್ಲ. ಬಿಸ್ಕತ್ತು ಸುಡುವ ಹಳೆಯ ತಗಡಿನ ತಟ್ಟೆ ಇತ್ತು. ಉಜ್ಜಿ ಉಜ್ಜಿ ತೊಳೆದರೂ ನಡುವಿನಲ್ಲಿ ಒಂದು ಕೆಂಗಂದು ಕಲೆ ಉಳಿದಿತ್ತು.

“ಮನೆಗೆ ತಂದ ದಿವಸದಿಂದ ಹಾಕ್ತಿತ್ತು, ದಿನಕ್ಕೆ ಒಂದೆರಡು ಹನಿ. ಎಲ್ಲಿಂದ ಅಂತ ನಾನು ಹುಡುಕೋಕೆ ಹೋಗಲಿಲ್ಲ. ಅವರು ಕೈಕಾಲು ತೊಳೆಯೋಕೆ ಒಳಗೆ ಹೋದರೆ ಇದನ್ನ ಕೆಳಗೆ ಇಡ್ತಿದ್ದೆ, ಬೆಳಿಗ್ಗೆ ಅವರು ಷೂ ಹಾಕ್ಕೊಳ್ಳೋದರೊಳಗೆ ತೆಗೀತಿದ್ದೆ.”

“ಅಪ್ಪನಿಗೆ ಗೊತ್ತಿರಲಿಲ್ಲವಾ?” ಎಂದು ಭಾಮೈದ ಕೇಳಿದ.

“ಯಾಕೆ ಹೇಳಲಿ? ಒಂದು ಹನಿ ಸೋರಲ್ಲ ಅಂತ ಅಷ್ಟು ಚೆನ್ನಾಗಿ ಹೇಳೋರು.” ಅತ್ತೆ ಅಳಿಯನ ಕಡೆ ತಟ್ಟೆ ಚಾಚಿದರು. “ಇವತ್ತು ನಿನಗೆ ಕೊಟ್ಟು ಹೋಗೋಣ ಅಂತಲೇ ತಂದೆ. ಈ ಮನೆಯಲ್ಲಿ ಕದ್ದು ಇಡಬೇಕಾಗಿಲ್ಲ. ನೀನೇ ಬಾಯಿಬಿಟ್ಟು ಹೇಳಿದೆಯಲ್ಲ.”

ಭಾಮೈದ ಹೆಗಲಿನಿಂದ ಹಗ್ಗ ಇಳಿಸಿ, ಸುತ್ತಿ, ಎಲ್ಲಿಡುವುದೆಂದು ತಿಳಿಯದೆ ಜವಾನನ ಕೈಗೆ ಕೊಟ್ಟ. “ಬೆಡ್‌ಶೀಟು ನನ್ನ ಅಂಗಡೀದು,” ಎಂದಷ್ಟೇ ಹೇಳಿದ.

“ಇರಲಿ, ನಾನು ಒಗೆದು ಕೊಡ್ತೀನಿ,” ಎಂದಳು ಅಕ್ಕ.

ಮುದ್ರಣ್ಣ ಬೆಡ್‌ಶೀಟನ್ನು ಸರಿಸಿ, ನೆಲಕ್ಕೆ ಎದೆಯೂರಿ, ತಟ್ಟೆಯನ್ನು ಕಾರಿನ ನಟ್ಟನಡುವಿಗೆ ತಳ್ಳಿದ. ಸಾಹೇಬರು ಬಗ್ಗಿದರು, ಹೆಡ್ ಗುಮಾಸ್ತರು ಬಗ್ಗಿದರು, ಗೇಟಿನ ಬಳಿ ನರ್ಸಮ್ಮ ಕುರ್ಚಿಯಿಂದ ಎದ್ದು ನಿಂತರು. ಗೇರುಪೆಟ್ಟಿಗೆಯ ತಳದಲ್ಲಿ ಹನಿ ಕೂಡಿತು, ದಪ್ಪಗಾಯಿತು, ಆತುರವಿಲ್ಲದೆ ತೂಗಿತು. ಆಮೇಲೆ ಟಪ್ಪೆಂದು ತಗಡಿನ ಮೇಲೆ ಬಿತ್ತು, ಕೆಂಪಗೆ, ದುಂಡಗೆ, ಅಂಚು ಸ್ಪಷ್ಟವಾಗಿ. ಮುದ್ರಣ್ಣ ಒಂದು ಕ್ಷಣ ಕಣ್ಣು ಮುಚ್ಚಿದ.